ಹಗೇವೂ ವಿದ್ಯುತ್ಕೋಶವೂ

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆಸೀಮೆಯಲ್ಲಿ ಜೋಳವನ್ನು ಹಗೇವಿನಲ್ಲಿಡುವ ರೂಢಿಯು ಹಿಂದೆ ಬಳಕೆಯಲ್ಲಿದ್ದಿತು. ಮಲೆನಾಡಿನ ಸೆರಗಿಗೆ ತಾಗಿದ ಕಿತ್ತೂರಿನ ಕಡೆ ಮಳೆ ಹೆಚ್ಚು. ನೆಲದ ತೇವವು ಹಗೇವಿಗೆ ಕೇಡಾದುದರಿಂದ ಮೂಡಣ ಒಣನೆಲವೇ ಅದಕ್ಕೆ ತಕ್ಕುದು. ನೆಲವನ್ನಗೆದು, ಒಳಮೈಗೆ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿಗೆ ಹಾಸುಗಲ್ಲಿಟ್ಟು ಮಣ್ಣು ಮೆತ್ತುವುದು ಇದರ ಕ್ರಮ. ಕಳ್ಳಕಾಕರಿಂದಲೂ ದಂಡಿನ ಲೂಟಿಯಿಂದಲೂ ಧಾನ್ಯವನ್ನು ಕಾಯುವ ಉಪಾಯವೆಂದೇ ಇದನ್ನು ಸಾಮಾನ್ಯವಾಗಿ ಬಣ್ಣಿಸುವರು. ಅದು ನಿಜವೇ. ಆದರೆ ಹಗೇವು ತಡೆಯುತ್ತಿದ್ದ ಹಗೆ ಇನ್ನೊಂದುಂಟು, ಅದು ಬಿಸಿ.

ಕಾಳು ಜೀವವಸ್ತು. ತೇವವಿದ್ದರೆ ಅದೂ, ಅದಕ್ಕೆ ಹತ್ತಿದ ಬೂಷ್ಟು ಹುಳುಗಳೂ ಉಸಿರಾಡಿ ಬಿಸಿಯನ್ನು ಹುಟ್ಟಿಸುವುವು. ದೊಡ್ಡ ರಾಶಿಯಲ್ಲಿ ಒಂದೆಡೆ ಕಾವೇರಿದರೆ ಕೇಡು ಸುತ್ತಲೂ ಹಬ್ಬುವುದು. ಹಗೇವಿನ ಸುತ್ತಣ ಮಣ್ಣು ಹಗಲಿನ ಉರಿಯನ್ನು ಒಳಗೆ ಬಿಡದೆ, ಕಾಳಿನ ಕಾವನ್ನು ಮೆಲ್ಲನೆ ಹೀರಿಕೊಳ್ಳುವುದು. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕವು ಕುಗ್ಗಿ ಇಂಗಾಲದ ಡೈಆಕ್ಸೈಡು ತುಂಬುವುದರಿಂದ ಹುಳುವಿನ ಆಟವೂ ನಿಲ್ಲುವುದು. ಈ ಎರಡನೆಯ ತಡೆಗೆ ತೆರಬೇಕಾದ ಬೆಲೆ ಸಣ್ಣದಲ್ಲ: ಬಾಯಿ ತೆರೆದು ಗಾಳಿಯಾಡಗೊಡದೆ ಅವಸರದಿಂದ ಇಳಿದವರು ಉಸಿರುಕಟ್ಟಿ ಸತ್ತುದುಂಟು.

ಈ ಹಳೆಯ ಸಂಗತಿಯನ್ನು ಈಗ ಎತ್ತಿಕೊಂಡುದಕ್ಕೆ ಕಾರಣವಿದೆ. 1991ರಲ್ಲಿ ಸೋನಿ ಸಂಸ್ಥೆಯು ಮಾರಾಟಕ್ಕೆ ತಂದ ಲಿಥಿಯಂ-ಅಯಾನ್ ಕೋಶವು ಇಂದು ವಾಹನಗಳಲ್ಲಿ ಹತ್ತಾರು, ನೂರಾರು ಕೂಡಿ ಒಂದೇ ಬ್ಯಾಟರಿ ಪೆಟ್ಟಿಗೆಯಲ್ಲಿರುತ್ತದೆ. ಒಂದು ಕೋಶವು ಕೆಟ್ಟು ಕಾದರೆ ನೆರೆಯ ಕೋಶಗಳಿಗೂ ಉರಿ ಹಬ್ಬಬಹುದು. 2022ರಲ್ಲಿ ಭಾರತದ ಹಲವೆಡೆ ವಿದ್ಯುತ್ ಸ್ಕೂಟರುಗಳು ಹೊತ್ತಿಕೊಂಡು ಪ್ರಾಣಹಾನಿಯಾದ ಮೇಲೆ, ಅದೇ ವರ್ಷ ಎಐಎಸ್-156 ಎಂಬ ಸುರಕ್ಷತಾ ನಿಯಮವನ್ನು ತಿದ್ದಿ ಬಿಗಿಗೊಳಿಸಲಾಯಿತು. ಹೋಲಿಕೆಯು ಸ್ಪಷ್ಟವಾಗಿಯೇ ಇದೆ. ಆದರೆ ಹಿರಿಯರಿಗೆ ಎಲ್ಲವೂ ತಿಳಿದಿದ್ದಿತೆಂದು ಸಾಧಿಸಹೊರಡುವ ಚಪಲವು ನಮಗೆ ಸಲ್ಲದು. ಉಸಿರುಕಟ್ಟಿಸುವ ಉಪಾಯವು ಇಲ್ಲಿ ಸಾಗದು. ಏಕೆಂದರೆ ಅತಿಯಾಗಿ ಕಾದ ಕೋಶದಲ್ಲಿ ಧನಧ್ರುವದ ಆಕ್ಸೈಡೇ ಆಮ್ಲಜನಕವನ್ನು ಬಿಟ್ಟುಕೊಡುವುದು. ಆದುದರಿಂದ ಹಗೇವಿನ ಮೊದಲನೆಯ ಗುಣ, ಎಂದರೆ ಬಿಸಿಯನ್ನು ಹೀರುವ ಗುಣವೇ ಇಲ್ಲಿ ಮುಖ್ಯವಾಗುವುದು.

ಅದಕ್ಕೆ ಇನ್ನೂ ಹತ್ತಿರದ ನಿದರ್ಶನ ಅಡಿಗೆಮನೆಯ ಹರವಿ. ಅದರ ಮೈಯಿಂದ ಒಂದು ಕಿಲೋ ನೀರು ಆವಿಯಾಗುವಾಗ ಸುಮಾರು 2400 ಕಿಲೋಜೂಲ್ ಬಿಸಿಯನ್ನು ಸೆಳೆದೊಯ್ಯುವುದು. ಅಷ್ಟೇ ಪ್ಯಾರಾಫಿನ್ ಮೇಣವು ಕರಗುವಾಗ ಹೀರುವುದು ಸುಮಾರು 200 ಮಾತ್ರ. ಆದರೆ ಮೇಣವು ಹಾರಿಹೋಗದೆ, ತಣಿದಾಗ ಮರಳಿ ಗಟ್ಟಿಯಾಗುವುದು. ಕೋಶಗಳ ನಡುವೆ ಇಂಥ ಮೇಣವನ್ನು ತುಂಬುವ ಪದ್ಧತಿಯನ್ನು ಶಿಕಾಗೋವಿನ ಇಲಿನಾಯ್ ತಂತ್ರಜ್ಞಾನ ಸಂಸ್ಥೆಯ ಅಲ್-ಹಲ್ಲಾಜ್ ಮತ್ತು ಸೆಲ್ಮನ್ 2000ದಲ್ಲಿ ಪ್ರಕಟಿಸಿದರು. ಮೇಣವು ಬಿಸಿಯನ್ನು ಬೇಗ ಹರಿಯಬಿಡದಾದುದರಿಂದ ಗ್ರಾಫೈಟನ್ನು ಕೂಡಿಸುವುದುಂಟು. ಮೇಣವೂ ಉರಿಯುವ ವಸ್ತುವೇ ಎಂಬುದನ್ನು ಮರೆಯಲಾಗದು.

ಇಲ್ಲಿ ನೆಲದ ಮಾತು ಮತ್ತೆ ಬರುವುದು. ಆಕ್ಟಾಡೆಕೇನ್ ಎಂಬ ಮೇಣವು 28 ಡಿಗ್ರಿಯಲ್ಲಿಯೇ ಕರಗುತ್ತದೆ. ರಾಮದುರ್ಗದ ಬೇಸಗೆಯ ಮಧ್ಯಾಹ್ನ ಸುಮಾರು 40 ಡಿಗ್ರಿಯವರೆಗೆ ಏರುವುದು. ಅಂಥ ಮೇಣವು ಬಿಸಿಲಿಗೇ ಕರಗಿ, ಕೋಶವು ಕಾಯುವ ಹೊತ್ತಿಗೆ ಹೀರುವ ಶಕ್ತಿಯನ್ನು ಕಳೆದುಕೊಂಡಿರುವುದು. ಹೊರಗಿನ ಬೇಸಗೆಗಿಂತ ಮೇಲೆ, ಕೋಶವು ತಾಳುವ ಕಾವಿಗಿಂತ ಕೆಳಗೆ ಕರಗುವ ಮೇಣವನ್ನೇ ಈ ಸೀಮೆಗೆ ಆರಿಸಬೇಕಾಗುವುದು.