ಕೂಡದ ಎಲುಬಿಗೆ ಲೋಹದ ಆಸರೆ



ಹಾವೇರಿ ಬಳಿಯ ಅಗಡಿಯಂಥ ಊರಿನಲ್ಲಿ ಅಜ್ಜಿಯೊಬ್ಬರು ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರೆ, ಹಿಂದೆ ಮನೆಯವರು ಮಾಡಬಹುದಾಗಿದ್ದುದು ಕಡಿಮೆ. ಕೈಯ ಎಲುಬಾದರೆ ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟುತ್ತಿದ್ದರು. ಸೊಂಟದ ಕೀಲಿಗೆ ದಬ್ಬೆ ಕಟ್ಟುವುದೆಲ್ಲಿ? ತಿಂಗಳುಗಟ್ಟಲೆ ಮಲಗಿದವರ ಜೀವ ತೆಗೆಯುತ್ತಿದ್ದುದು ಮುರಿದ ಎಲುಬಲ್ಲ. ಬೆನ್ನಿನ ಹುಣ್ಣು, ನ್ಯುಮೋನಿಯಾ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ.

1925ರಲ್ಲಿ ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಸ್ಮಿತ್-ಪೀಟರ್ಸನ್ ಮೂರು ಅಲಗಿನ ಮೊಳೆಯೊಂದನ್ನು ತೊಡೆಯೆಲುಬಿನ ಕತ್ತಿನೊಳಗೆ ಹೊಡೆದು, ಮುರಿದ ತುಂಡುಗಳನ್ನು ಹಿಡಿದು ನಿಲ್ಲಿಸಿದರು. ರೋಗಿ ಹಾಸಿಗೆ ಬಿಟ್ಟು ಏಳುವಂತಾಯಿತು. ಆದರೆ ಗೆದ್ದಲು ತಿಂದ ತೊಲೆಗೆ ಮೊಳೆ ಹೊಡೆದರೆ ನಿಂತೀತೇ? ಎಲುಬು ಕೂಡುವವರೆಗೆ ಮಾತ್ರ ಲೋಹ ಭಾರ ಹೊರಬೇಕು, ಅದು ಮೊಳೆಯ ಲೆಕ್ಕ. ಕ್ಯಾನ್ಸರ್ ತಿಂದ ಎಲುಬು ಹಲವು ವೇಳೆ ಕೂಡುವುದೇ ಇಲ್ಲ. ಮತ್ತೆ ಮತ್ತೆ ಬಗ್ಗಿಸಿದ ತಂತಿಯಂತೆ ಮೊಳೆ ಒಂದು ದಿನ ತುಂಡಾಗುತ್ತದೆ, ಇಲ್ಲವೇ ಎಲುಬನ್ನೇ ಸೀಳಿಕೊಂಡು ಹೊರಬರುತ್ತದೆ.

ಹಾಗಾದರೆ ಕೂಡಿಸುವ ಆಸೆಯನ್ನೇ ಬಿಟ್ಟರೆ? 1940ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೆರೊಲಿನಾದ ಆಸ್ಟಿನ್ ಮೂರ್ ಅವರು ಹೆರಾಲ್ಡ್ ಬೋಲ್‌ಮನ್ ಜೊತೆಗೂಡಿ, ಗಡ್ಡೆ ಮರುಕಳಿಸಿ ಹಾಳಾಗಿದ್ದ ತೊಡೆಯೆಲುಬಿನ ಮೇಲ್ಭಾಗವನ್ನು ತೆಗೆದುಹಾಕಿ, ಸುಮಾರು ಒಂದಡಿ ಉದ್ದದ ಲೋಹದ ಎಲುಬನ್ನು ಬೋಲ್ಟುಗಳಿಂದ ಬಿಗಿದರು. ವೈಟಾಲಿಯಂ ಎಂಬ ಆ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ ಬಂದದ್ದು ದಂತವೈದ್ಯರಿಂದ! ರೋಗಿ ಎದ್ದು ನಡೆದಾಡಿದ. 1950ರ ದಶಕದಲ್ಲಿ ಮೂರ್ ಅದನ್ನು ಚಿಕ್ಕದಾಗಿಸಿ, ಎಲುಬಿನ ಟೊಳ್ಳಿನೊಳಗೆ ಇಳಿಯುವ ಕಾಂಡ ಜೋಡಿಸಿದರು. ಅಪರೂಪದ ಗಡ್ಡೆಗಾಗಿ ಹುಟ್ಟಿದ ಉಪಾಯ, ವಯಸ್ಸಿಗೆ ಎಲುಬು ಸವೆದ ಅಸಂಖ್ಯಾತ ಅಜ್ಜ-ಅಜ್ಜಿಯರಿಗೆ ಒದಗಿತು. ಹಾವೇರಿ ಸೀಮೆಯವರು ದೊಡ್ಡ ಕಾಯಿಲೆಗೆ ಹುಬ್ಬಳ್ಳಿಯ ದಾರಿ ಹಿಡಿಯುವುದುಂಟು. ಅಲ್ಲಿ 1957ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು 1996ರಲ್ಲಿ ಕಿಮ್ಸ್ ಆಯಿತು. ನಮ್ಮ ನಾಡಿನ ಎಲುಬು-ಕೀಲು ತಜ್ಞರಿಗೆ ಮೂರ್ ಹೆಸರಿನ ಕೀಲು ಇಂದಿಗೂ ಚಿರಪರಿಚಿತ.

ಹಲ್ಲಿನವರಿಂದಲೇ ಬಂದ ಇನ್ನೊಂದು ಸಾಲ ಅಕ್ರಿಲಿಕ್ ಸಿಮೆಂಟು. ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1958ರಲ್ಲಿ ಅದನ್ನು ಸೊಂಟದ ಕೀಲಿಗೆ ಬಳಸಿದರು. 1970ರ ದಶಕದಲ್ಲಿ, ಗಡ್ಡೆ ಕೊರೆದ ಪೊಟರೆಗಳನ್ನು ಅದರಿಂದ ತುಂಬಿ ಲೋಹಕ್ಕೆ ಹಿಡಿತ ಕೊಡುವುದೂ ನಡೆಯಿತು.

ಆದರೂ ಮುರಿಯುವವರೆಗೆ ಕಾಯಬೇಕೇ? 1989ರಲ್ಲಿ ಮಿರೆಲ್ಸ್ ಎಂಬ ವೈದ್ಯರು ಇದಕ್ಕೊಂದು ಅಂಕಪಟ್ಟಿ ಮಾಡಿದರು. ಗಡ್ಡೆಯ ಜಾಗ, ನೋವು, ಎಕ್ಸ್‌ರೇಯಲ್ಲಿ ಕಾಣುವ ಬಗೆ, ಗಾತ್ರ: ಒಂದೊಂದಕ್ಕೂ 1ರಿಂದ 3 ಅಂಕ. (ಹೆಚ್ಚು ಅಂಕ ಬಂದರೆ ಖುಷಿಪಡಲಾಗದ ಪರೀಕ್ಷೆ ಇದು.) ಒಟ್ಟು 12ಕ್ಕೆ 9 ಅಥವಾ ಅದಕ್ಕಿಂತ ಹೆಚ್ಚಾದರೆ ಎಲುಬು ಮುರಿಯುವ ಮೊದಲೇ ಲೋಹದ ಆಸರೆ ಕೊಡಬೇಕೆಂದರು. ಜಾಗದ ಲೆಕ್ಕದಲ್ಲಿ ಪೂರ್ತಿ 3 ಅಂಕ ಪಡೆಯುವುದು ಸೊಂಟದ ಕೀಲಿನ ಪಕ್ಕದ, ತೊಡೆಯೆಲುಬಿನ ಉಬ್ಬಿನ ಭಾಗ.