ಮರಗಟ್ಟಿಸುವ ಕ್ರೀಮ್: ‘ಮೇಲೆ ಹಚ್ಚೋದು ತಾನೇ’ ಎನ್ನುವ ಮುನ್ನ

‘ಲೇಸರ್ ಅಥವಾ ಟ್ಯಾಟೂಗೆ ಮೊದಲು ಮರಗಟ್ಟಿಸುವ ಕ್ರೀಮ್ ದಪ್ಪಗೆ ಬಳಿದು ಪ್ಲಾಸ್ಟಿಕ್ ಸುತ್ತಿಕೊಳ್ಳಿ, ನೋವೇ ಗೊತ್ತಾಗಲ್ಲ.’ ಇಂಥ ಸಲಹೆ ನಿಮಗೂ ಬಂದಿರಬಹುದು. ನೋವು ಕಡಿಮೆಯಾಗುವುದು ನಿಜ. ಅಪಾಯವಿಲ್ಲ ಎಂದುಕೊಂಡರೆ ತಪ್ಪು.

ಈ ಕ್ರೀಮ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಲಿಡೋಕೇನ್. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಲಿಗ್ನೋಕೇನ್ ಎಂಬ ಹೆಸರೂ ಕಾಣಿಸುತ್ತದೆ, ಎರಡೂ ಒಂದೇ. ಹಲ್ಲು ಕೀಳುವಾಗ ವಸಡಿಗೆ ಚುಚ್ಚುವುದೂ ಹೆಚ್ಚಾಗಿ ಇದನ್ನೇ. ನೋವಿನ ಸಂದೇಶ ನರದಲ್ಲಿ ಸಾಗಬೇಕಾದರೆ ನರದ ಪೊರೆಯಲ್ಲಿರುವ ಪುಟ್ಟ ದಾರಿಗಳಿಂದ ಸೋಡಿಯಂ ಒಳನುಗ್ಗಬೇಕು. ಲಿಡೋಕೇನ್ ಆ ದಾರಿಗಳನ್ನು ಮುಚ್ಚುತ್ತದೆ. ಗಾಯ ಅಲ್ಲೇ ಇದ್ದರೂ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ.

ಆದರೆ ಇಂಥ ಸೋಡಿಯಂ ದಾರಿಗಳು ಮಿದುಳಿನಲ್ಲೂ ಹೃದಯದಲ್ಲೂ ಇವೆ. ಔಷಧ ರಕ್ತಕ್ಕೆ ಹೆಚ್ಚು ಸೇರಿದರೆ ಅಲ್ಲಿಯೂ ಅದೇ ಕೆಲಸ ಮಾಡುತ್ತದೆ. ಬಾಯಿಯ ಸುತ್ತ ಜುಮ್ಮೆನ್ನುವುದು, ನಾಲಿಗೆಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಮೊದಲ ಸೂಚನೆಗಳು. ಮುಂದೆ ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ಕೆಲವೊಮ್ಮೆ ಸೂಚನೆಯೇ ಇಲ್ಲದೆ ಫಿಟ್ಸ್ ಬರುತ್ತದೆ.

ಒಂದು ಲೆಕ್ಕ ಹಾಕೋಣ. ಶೇ. 5ರ 30 ಗ್ರಾಂ ಟ್ಯೂಬ್‌ನಲ್ಲಿ 1,500 ಮಿಲಿಗ್ರಾಂ ಲಿಡೋಕೇನ್ ಇರುತ್ತದೆ. ಅಡ್ರಿನಲಿನ್ ಬೆರೆಸದ ಇಂಜೆಕ್ಷನ್‌ನಲ್ಲಿ ವಯಸ್ಕರಿಗೆ ಒಮ್ಮೆಗೆ ಸಾಮಾನ್ಯ ಮಿತಿ ಸುಮಾರು 300 ಮಿಲಿಗ್ರಾಂ. ಚರ್ಮ ಗಟ್ಟಿಯಾಗಿದ್ದರೆ ಹಚ್ಚಿದ್ದರಲ್ಲಿ ಸ್ವಲ್ಪ ಪಾಲು ಮಾತ್ರ ಒಳಹೋಗುತ್ತದೆ, ಸರಿ. ಆದರೆ ಪ್ಲಾಸ್ಟಿಕ್ ಸುತ್ತಿದರೆ, ಆಗಷ್ಟೇ ಶೇವ್ ಮಾಡಿದ್ದರೆ, ಶಾಖ ಕೊಟ್ಟರೆ, ಎರಡೂ ಕಾಲಿಗೆ ಪೂರ್ತಿ ಬಳಿದರೆ ಆ ಪಾಲು ಏರುತ್ತದೆ. (ವೈದ್ಯರೂ ಕ್ರೀಮ್ ಮೇಲೆ ಪಟ್ಟಿ ಮುಚ್ಚುವುದುಂಟು. ಅದು ಅಂಗೈಯಗಲದ ಜಾಗಕ್ಕೆ, ಅಳತೆ ನೋಡಿ, ಗಡಿಯಾರ ನೋಡಿ.)

ಇದು ಬರೀ ಹೆದರಿಕೆಯ ಮಾತಲ್ಲ. ಅಮೆರಿಕದಲ್ಲಿ 22 ಮತ್ತು 25 ವರ್ಷದ ಇಬ್ಬರು ಯುವತಿಯರು ಕೂದಲು ತೆಗೆಸುವ ಲೇಸರ್‌ಗೆ ಮುನ್ನ ಕಾಲಿಗೆ ಪ್ರಬಲ ಕ್ರೀಮ್ ಹಚ್ಚಿ, ತಮಗೆ ಹೇಳಿದಂತೆಯೇ ಪ್ಲಾಸ್ಟಿಕ್ ಸುತ್ತಿಕೊಂಡರು. ಇಬ್ಬರಿಗೂ ಫಿಟ್ಸ್ ಬಂತು, ಕೋಮಾಕ್ಕೆ ಜಾರಿ ತೀರಿಕೊಂಡರು. 2007ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು.

ಹಲ್ಲು ಬರುತ್ತಿರುವ ಮಗುವಿನ ವಸಡಿಗಂತೂ ಮರಗಟ್ಟಿಸುವ ಜೆಲ್ ಸವರಲೇಬೇಡಿ.

ಹಚ್ಚಿದ ಮೇಲೆ ತಲೆ ಸುತ್ತಿದರೆ, ಬಾಯಿ ಜುಮ್ಮೆಂದರೆ ಕ್ರೀಮನ್ನು ಒರೆಸಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಟ್ಯೂಬನ್ನೂ ಜೊತೆಗೆ ಒಯ್ಯಿರಿ.