ಅಂತರರಾಷ್ಟ್ರೀಯ ವಾಣಿಜ್ಯ ನಿಯಮಗಳೂ ಅಕ್ಕಿಯ ಹಳೆಯ ದರವೂ

ಗ್ಯಾಟ್ ಎಂದು ಪ್ರಸಿದ್ಧವಾದ ಒಪ್ಪಂದವು 1947ರಲ್ಲಿ ಸಿದ್ಧವಾದಾಗ ಭಾರತವೂ ಅದರ ಮೂಲ ಸದಸ್ಯರಾಷ್ಟ್ರಗಳಲ್ಲಿ ಒಂದಾಗಿದ್ದಿತು. ಆಮದಿನ ಪ್ರಮಾಣಕ್ಕೆ ಮಿತಿ ಹಾಕಬಾರದೆಂಬುದು ಅದರ ಸೂತ್ರ. ಆದರೆ ಬೇಸಾಯದ ಮಟ್ಟಿಗೆ ಹನ್ನೊಂದನೆಯ ವಿಧಿಯಲ್ಲಿಯೇ ಒಂದು ಹಿಂಬಾಗಿಲನ್ನು ಇರಿಸಲಾಗಿದ್ದಿತು. ಅದೂ ಸಾಲದೆ ಅಮೆರಿಕವು ತನ್ನ ರೈತರಿಗೆ ದೊರೆಯುತ್ತಿದ್ದ ಬೆಲೆಗಳನ್ನು ಕಾಯುವುದಕ್ಕಾಗಿ 1955ರಲ್ಲಿ ಕಾಲಮಿತಿಯಿಲ್ಲದ ವಿನಾಯಿತಿಯೊಂದನ್ನು ಪಡೆಯಿತು. 1960ರ ದಶಕದಲ್ಲಿ ಯುರೋಪಿನ ಸಮುದಾಯವು ತನ್ನ ಸಾಮಾನ್ಯ ಕೃಷಿ ನೀತಿಯ ಕೋಟೆಯನ್ನು ಕಟ್ಟಿಕೊಂಡಿತು. ಕೃಷಿಯನ್ನು ನಿಯಮಗಳ ಹೊರಗಿರಿಸಿದವರು ಸಿರಿವಂತ ರಾಷ್ಟ್ರಗಳೇ ಎಂಬುದನ್ನು ಮುಂದಿನ ಕಥೆಯಲ್ಲಿ ಮರೆಯಲಾಗದು.

1986ರಲ್ಲಿ ಆರಂಭವಾದ ಉರುಗ್ವೆ ಸುತ್ತಿನ ಮಾತುಕತೆಗಳು 1991ರ ಡಿಸೆಂಬರಿನಲ್ಲಿ ಡಂಕೆಲ್ ಕರಡಿಗೂ, 1994ರಲ್ಲಿ ಮರಕೇಶಿನ ಒಪ್ಪಂದಕ್ಕೂ ದಾರಿಮಾಡಿದುವು. ನಮ್ಮ ನಾಡಿನಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದ ರೈತ ಸಂಘವು ಈ ಕರಡನ್ನು ಪ್ರಬಲವಾಗಿ ಪ್ರತಿಭಟಿಸಿತು. 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಸಂಸ್ಥೆಯ ಕಚೇರಿಗೆ ರೈತರು ನುಗ್ಗಿದುದು ವಾಚಕರಲ್ಲಿ ಹಲವರಿಗೆ ನೆನಪಿರಬಹುದು. ಅಂದಿನ ಆತಂಕ ಮುಖ್ಯವಾಗಿ ಬೀಜ ಮತ್ತು ಪೇಟೆಂಟುಗಳದು. ಆದರೆ ನನ್ನ ಅಭಿಪ್ರಾಯದಲ್ಲಿ ಹೆಚ್ಚು ಪರಿಣಾಮಕಾರಿಯಾದ ಮುಳ್ಳು ಅಡಗಿದ್ದುದು ಲೆಕ್ಕದ ಅನುಬಂಧದಲ್ಲಿ.

ಸರ್ಕಾರ ಗೊತ್ತುಪಡಿಸಿದ ಬೆಲೆಯಿಂದ 1986–88ರ ಹೊರದೇಶದ ದರವನ್ನು ಕಳೆದು, ಉಳಿದುದನ್ನು ಬೆಳೆಯ ಪ್ರಮಾಣದಿಂದ ಗುಣಿಸಿದರೆ ಬರುವ ಮೊತ್ತವೇ 'ಸಹಾಯ' ಎಂದು ಅನುಬಂಧ ಹೇಳುತ್ತದೆ. ಆ ವರ್ಷಗಳಲ್ಲಿ ನಮ್ಮ ಬಹುಪಾಲು ಬೆಳೆಗಳ ಬೆಲೆ ಹೊರಗಿನ ದರಕ್ಕಿಂತ ಕೆಳಗಿದ್ದಿತು. ಅಂದರೆ ಲೆಕ್ಕದಲ್ಲಿ ನಮ್ಮ ರೈತನು ಸಹಾಯ ಪಡೆದವನಲ್ಲ, ಕೊಟ್ಟವನು! ಧಾರಾಳವಾಗಿ ಸಹಾಯಧನ ಹಂಚುತ್ತಿದ್ದ ದೇಶಗಳು ಆರು ವರ್ಷಗಳಲ್ಲಿ ಅದನ್ನು ಶೇಕಡಾ 20ರಷ್ಟು ಇಳಿಸಿದರೆ ಸಾಕು, ಉಳಿದ ಪಾಲು ಅವರ ಹಕ್ಕಾಯಿತು. ಹಂಚದಿದ್ದ ಭಾರತಕ್ಕೆ ಪ್ರತಿಯೊಂದು ಬೆಳೆಯ ಮೌಲ್ಯದ ಶೇಕಡಾ 10ರ ಮಿತಿ ಮಾತ್ರ ಉಳಿಯಿತು.

ಅಕ್ಕಿಗೆ ಆ ಹಳೆಯ ದರ ಟನ್ನಿಗೆ 3,520 ರೂಪಾಯಿ, ಅಂದಿನ ವಿನಿಮಯದಲ್ಲಿ ಸುಮಾರು 262 ಡಾಲರ್. ಮೂವತ್ತು ವರ್ಷ ಹಿಂದಿನ ದರ ಹಿಡಿದು ಇಂದು ಒತ್ತೆಯ ಚಿನ್ನಕ್ಕೆ ಬೆಲೆ ಕಟ್ಟುವ ಗುಮಾಸ್ತನನ್ನು ಯಾವ ಬ್ಯಾಂಕೂ ಇರಿಸಿಕೊಳ್ಳದು. ಭಾರತವು ಲೆಕ್ಕವನ್ನು ಡಾಲರಿನಲ್ಲಿ ತೋರಿಸಿ, ಸರ್ಕಾರ ಕೊಂಡ ಧಾನ್ಯವನ್ನು ಮಾತ್ರ ಗಣಿಸಿತು. ಅಮೆರಿಕವು 2018ರಲ್ಲಿ ರೂಪಾಯಿಯಲ್ಲಿಯೇ, ದೇಶದ ಒಟ್ಟು ಬೆಳೆಯನ್ನು ಹಿಡಿದು ಗುಣಿಸಿ ಆಕ್ಷೇಪ ಸಲ್ಲಿಸಿತು. ಭಾರತದ ಲೆಕ್ಕದಂತೆಯೇ 2018–19ರಲ್ಲಿ ಅಕ್ಕಿಯ ಬೆಂಬಲ ಸುಮಾರು 500 ಕೋಟಿ ಡಾಲರ್, ಬೆಳೆಯ ಮೌಲ್ಯ 4,367 ಕೋಟಿ, ಮಿತಿ ಮೀರಿತು.

ಹೀಗಾಗಿ ಭಾರತವು 2013ರ ಬಾಲಿ ಸಮ್ಮೇಳನದಲ್ಲಿ ದೊರೆತ ರಕ್ಷಣೆಯನ್ನು 2020ರಲ್ಲಿ ಆಶ್ರಯಿಸಬೇಕಾಯಿತು. ಹಾಗೆ ಮಾಡಿದ ಮೊದಲ ರಾಷ್ಟ್ರ ನಮ್ಮದೇ. ಪಡಿತರದ ದಾಸ್ತಾನನ್ನು ಕುರಿತು ಇತರರು ದಾವೆ ಹೂಡದಿರುವರೆಂಬ ಈ ರಕ್ಷಣೆ ಶಾಶ್ವತ ಪರಿಹಾರ ದೊರೆಯುವವರೆಗಿನದು, ಅದೂ ಬಾಲಿ ನಿರ್ಣಯದ ವೇಳೆಗೆ ಇದ್ದ ಯೋಜನೆಗಳಿಗೆ. 2024ರ ಅಬುಧಾಬಿ ಸಮ್ಮೇಳನದಲ್ಲಿಯೂ ಶಾಶ್ವತ ಪರಿಹಾರ ದೊರೆಯಲಿಲ್ಲ. 3,520 ರೂಪಾಯಿಯ ದರವೂ ಬದಲಾಗಲಿಲ್ಲ.